ಚಿಕ್ಕ ಬಜೆಟ್ಟಲ್ಲಿ ಬೋಟಲ್ಲೇ ವಾಸ: ಎರಡು ಎಂಜಿನ್ನಿನ ಫಾಸ್ಟ್ ಬೋಟೋ, ಒಂದೇ ಎಂಜಿನ್ನಿನ ನಿಧಾನದ ಬೋಟೋ?

ದಡದವ:

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಬರೆದಿದ್ದನ್ನೆಲ್ಲ ಸುಮ್ನೆ ಓದಿಕೊಂಡೇ ಇದ್ದೆ. ಇವತ್ತು ಮೊದಲ ಸಲ ಕೇಳುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಾನು, ನನ್ನ ಹೆಂಡತಿ, ಇಬ್ಬರೇ. ಕೆಲಸ ಬಿಟ್ಟಾಯಿತು, ಮನೆ ಬಾಡಿಗೆಗೆ ಕೊಟ್ಟಾಯಿತು. ತಿಂಗಳಿಗೆ ಕೈಗೆ ಬರುವುದು ಆ ಬಾಡಿಗೆ ಮಾತ್ರ. ಅದರಲ್ಲೇ ಮೂರ್ನಾಲ್ಕು ವರ್ಷ ಮೋಟಾರ್ ಬೋಟಲ್ಲಿ ಇದ್ದುಕೊಂಡು ಬಹಾಮಾಸ್ ಸುತ್ತಬೇಕು, ಧೈರ್ಯ ಬಂದರೆ ಅಲ್ಲಿಂದ ಕೆಳಗೆ ಕೆರಿಬಿಯನ್ ದ್ವೀಪಗಳ ಕಡೆ ಇಳಿಯಬೇಕು ಅಂತ ಆಸೆ. ಹಾಯಿದೋಣಿ ತಗೊಳ್ಳಿ, ಗಾಳಿ ಪುಕ್ಕಟೆ ಅಂತ ಹೇಳುವವರು ಇದ್ದೇ ಇರುತ್ತಾರೆ, ಗೊತ್ತು. ಹೆಂಡತಿಗೆ ಮೊಣಕಾಲು ನೋವು. ಓರೆಯಾಗಿ ವಾಲಿದ ಡೆಕ್ ಮೇಲೆ ಹಗ್ಗ ಎಳೆಯುತ್ತಾ ಓಡಾಡುವುದು ಅವಳಿಂದ ಆಗಲ್ಲ. ಹಾಗಾಗಿ ಆ ಮಾತು ಇಲ್ಲಿಗೇ ಬಿಡೋಣ.

ಈಗ ಎರಡು ಹಳೇ ಬೋಟು ನೋಡಿ ಬಂದಿದ್ದೇವೆ. ಮೊದಲನೆಯದು 40 ಅಡಿ, 350 ಎಚ್‌ಪಿಯ ಎರಡು ಟರ್ಬೊ ಡೀಸೆಲ್ ಎಂಜಿನ್, 18 ನಾಟ್ (ಗಂಟೆಗೆ 18 ನಾಟಿಕಲ್ ಮೈಲು, ಸುಮಾರು 33 ಕಿಲೋಮೀಟರ್) ಹೋಗುತ್ತೆ ಅಂತಾರೆ. ಎರಡು ಮಲಗುವ ಕೋಣೆ, ಎಸಿ, ಜನರೇಟರ್, ಒಳಗೆ ಹೋದರೆ ಹೋಟೆಲ್ ರೂಮಿನ ಹಾಗಿದೆ. ಎರಡನೆಯದು 38 ಅಡಿಯ ಟ್ರಾಲರ್. ಮೀನು ಹಿಡಿಯುವುದಲ್ಲ, ಅದೇ ಆಕಾರದ ವಾಸದ ಬೋಟು. 120 ಎಚ್‌ಪಿಯ ಒಂದೇ ಎಂಜಿನ್, 7 ನಾಟ್. ಮೊದಲನೆಯದಕ್ಕಿಂತ ಹತ್ತು ವರ್ಷ ಹಳೆಯದು, ಬಣ್ಣ ಮಂಕಾಗಿದೆ, ಅಡುಗೆ ಜಾಗ ಇಕ್ಕಟ್ಟು. ಮಜಾ ಏನಂದರೆ ಈ ಎರಡನೆಯದಕ್ಕೇ ರೇಟು ಜಾಸ್ತಿ! ಯಾಕೆ ಅಂತ ನಮಗೆ ಅರ್ಥವೇ ಆಗಿಲ್ಲ.

ಡೀಸೆಲ್ ಖರ್ಚೇ ನಮ್ಮನ್ನು ಮುಗಿಸಿಬಿಡುತ್ತಾ? ಎರಡು ಎಂಜಿನ್ ಇದ್ದರೆ ಒಂದು ಕೈಕೊಟ್ಟರೂ ಮನೆ ಸೇರಬಹುದು ಅನ್ನುವುದು ನಿಜ ತಾನೇ? ಒಳ್ಳೇದೋ ಕೆಟ್ಟದೋ, ನೇರವಾಗಿ ಹೇಳಿ.

ನಿಧಾನಿ:

ಒಂಬತ್ತು ವರ್ಷದಿಂದ ಬೋಟಲ್ಲೇ ಇದ್ದೇನೆ. ನಿಮ್ಮ ಎರಡನೇ ಬೋಟಿಗೆ ಅಣ್ಣತಮ್ಮ ಅನ್ನುವಂಥದ್ದೇ ನನ್ನದೂ, 38 ಅಡಿ, 120 ಎಚ್‌ಪಿ, ಟರ್ಬೊ ಇಲ್ಲ. ಹಾಗಾಗಿ ನನ್ನ ಮಾತು ಒಂದು ಕಡೆಗೆ ವಾಲಿರುತ್ತೆ, ಮೊದಲೇ ಹೇಳಿಬಿಡುತ್ತೇನೆ.

ಡೀಸೆಲ್ ಲೆಕ್ಕ ಶುರು ಮಾಡುವ ಮೊದಲು ಒಂದು ವಿಷಯ. ಬೋಟಿನ ಉದ್ದದಲ್ಲಿ ನೀರಿಗೆ ತಾಗುವಷ್ಟನ್ನು ಮಾತ್ರ ಅಡಿಯಲ್ಲಿ ತಗೊಳ್ಳಿ, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. 36 ಅಡಿ ಅಂದರೆ 6, ಗುಣಿಸಿದರೆ ಹೆಚ್ಚುಕಮ್ಮಿ 8 ನಾಟ್. ಈ ತರದ ಬೋಟಿಗೆ ಅದೇ ಮಿತಿ. ಅದಕ್ಕಿಂತ ಜೋರಾಗಿ ಹೋಗಬೇಕು ಅಂದರೆ ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಬೇಕು, ಅದಕ್ಕೆ ಎಂಜಿನ್ ಶಕ್ತಿ ಎಷ್ಟಿದ್ದರೂ ಸಾಲದು. ಆ ಮಿತಿ ಹತ್ತಿರ ಬಂದ ಹಾಗೆಲ್ಲ ಡೀಸೆಲ್ ಹೇಗೆ ಏರುತ್ತೆ ಅನ್ನುವುದಕ್ಕೆ ನನ್ನ ಪುಸ್ತಕದಿಂದಲೇ ಬರೆಯುತ್ತೇನೆ. 6 ನಾಟ್‌ಗೆ ಗಂಟೆಗೆ 5 ಲೀಟರ್. 7 ನಾಟ್‌ಗೆ ಏಳೂವರೆ. 8 ನಾಟ್‌ಗೆ 14ರಿಂದ 15.

ಅಂದರೆ 60 ನಾಟಿಕಲ್ ಮೈಲಿನ ದಾರಿಯನ್ನು ನಾನು ಹತ್ತು ಗಂಟೆಯಲ್ಲಿ 50 ಲೀಟರಿಗೆ ಮುಗಿಸಬಹುದು, ಇಲ್ಲವೇ ಏಳೂವರೆ ಗಂಟೆಯಲ್ಲಿ 110 ಲೀಟರ್ ಸುಡಬಹುದು. ಎರಡೂವರೆ ಗಂಟೆ ಮೊದಲು ಹೋಗಿ ಅಲ್ಲಿ ಏನು ಮಾಡುವುದಿದೆ, ಲಂಗರು ಹಾಕಿ ಕೂರುವುದು ತಾನೇ?

ಈಗ ವರ್ಷದ ಲೆಕ್ಕ. ಹೊಸಬರು ಯಾವಾಗಲೂ ತಪ್ಪುವುದು ಇಲ್ಲೇ, ದಿನಾ ಓಡಾಡುತ್ತೇವೆ ಅಂದುಕೊಂಡಿರುತ್ತಾರೆ. ನಾನು ವರ್ಷಕ್ಕೆ 1500 ಮೈಲು ಹೋದರೆ ಅದೇ ಜಾಸ್ತಿ. 6 ನಾಟ್ ಅಂದರೆ 250 ಗಂಟೆ, 1250 ಲೀಟರ್. ಇಡೀ ವರ್ಷಕ್ಕೆ ಅಷ್ಟೇ! ಮಿಕ್ಕ ದಿನ ಎಲ್ಲ ಲಂಗರಲ್ಲೇ. ಬಹಾಮಾಸಿನ ಎಕ್ಸೂಮಾ ದ್ವೀಪಸಾಲಿನಲ್ಲಂತೂ ಒಂದು ತಂಗುವ ಜಾಗದಿಂದ ಇನ್ನೊಂದಕ್ಕೆ ಎಂಟು ಹತ್ತು ಮೈಲು ಇರುತ್ತೆ. ತಿಂಡಿ ತಿಂದು ಹೊರಟರೆ ಊಟದ ಹೊತ್ತಿಗೆ ಇನ್ನೊಂದು ದ್ವೀಪ.

ಅದೇ 1500 ಮೈಲನ್ನು ನಿಮ್ಮ ಮೊದಲ ಬೋಟಲ್ಲಿ 18 ನಾಟ್‌ಗೆ ಓಡಿಸಿ ನೋಡಿ. ಎರಡು ಎಂಜಿನ್ ಸೇರಿ ಗಂಟೆಗೆ 100 ಲೀಟರಿನ ಆಸುಪಾಸು ಕುಡಿಯುತ್ತವೆ. ಒಟ್ಟು 8000 ಲೀಟರ್ ದಾಟುತ್ತೆ.

ಹಾಗಾದರೆ ಫಾಸ್ಟ್ ಬೋಟನ್ನೇ ತಗೊಂಡು ನಿಧಾನ ಓಡಿಸಿದರಾಯ್ತಲ್ವಾ ಅಂತ ನೀವು ಕೇಳೇ ಕೇಳುತ್ತೀರಿ. ಓಡಿಸಬಹುದು, ತುಂಬಾ ಜನ ಹಾಗೇ ಮಾಡುತ್ತಾರೆ. 7 ನಾಟ್‌ಗೆ ಇಳಿಸಿದರೆ ಅದೂ ಗಂಟೆಗೆ 10-12 ಲೀಟರಿಗೆ ಬರುತ್ತೆ. ಆದರೆ ಆ ದೊಡ್ಡ ಟರ್ಬೊ ಎಂಜಿನ್ನುಗಳು ಹೊರೆ ಇಲ್ಲದೆ ಗಂಟೆಗಟ್ಟಲೆ ಓಡಿದರೆ ಮಸಿ ಕಟ್ಟುತ್ತವೆ, ಆಗಾಗ ಹತ್ತು ಹದಿನೈದು ನಿಮಿಷ ಜೋರಾಗಿ ಓಡಿಸಿ ಬಿಸಿ ಮಾಡಬೇಕು. ಅದರ ತಳವನ್ನು ಮಾಡಿರುವುದೇ ನೀರಿನ ಮೇಲೆ ಹಾರುವುದಕ್ಕೆ. ನಿಧಾನ ಹೋಗುವಾಗ ಹಿಂದಿನಿಂದ ಅಲೆ ಬಂದರೆ ಚುಕ್ಕಾಣಿ ಮಾತು ಕೇಳಲ್ಲ, ಬೋಟು ಹಾವಿನ ಹಾಗೆ ಹೊರಳುತ್ತೆ. ಒಂದೆರಡು ಗಂಟೆಗೆ ತೊಂದರೆ ಇಲ್ಲ, ಇಡೀ ದಿನ ಹಾಗಿದ್ದರೆ ಸಾಕಾಗಿಹೋಗುತ್ತೆ.

ರೇಟಿನ ವಿಷಯ ಉಪ್ಪುಗೈ ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ, ಅವರು ಬಂದೇ ಬರುತ್ತಾರೆ, ತಾಳಿ.

ಉಪ್ಪುಗೈ:

ಬಂದೆ.

ನಾನು ಬೋಟ್ ಎಂಜಿನ್ ರಿಪೇರಿ ಮಾಡಿಕೊಂಡೇ ಬದುಕಿದವನು, ಎಲ್ಲರ ಹಳೇ ಬೋಟುಗಳ ಹೊಟ್ಟೆಯೊಳಗೆ ತೂರಿ ನೋಡಿದ್ದೇನೆ. ಹಳೇ ಫಾಸ್ಟ್ ಬೋಟು ಯಾಕೆ ಅಗ್ಗ ಅಂದರೆ, ಅದರ ಒಂದು ಎಂಜಿನ್ ಹೋದರೆ ಹೊಸದು ಹಾಕುವ ಖರ್ಚು ಬೋಟಿನ ಬೆಲೆಗೇ ಹತ್ತಿರ ಬರುತ್ತೆ. ಮಾರುವವನಿಗೂ ಅದು ಗೊತ್ತು. ಗೊತ್ತಿಲ್ಲದವರು ಕೊಳ್ಳುವವರು ಮಾತ್ರ.

ಒಂದು ಕೆಲಸ ಮಾಡಿ. ಎರಡೂ ಬೋಟಿನ ಎಂಜಿನ್ ಕೋಣೆಗೆ ನೀವೇ ಇಳಿಯಿರಿ. ಎರಡು ದೊಡ್ಡ ಎಂಜಿನ್ ಇರುವ ಬೋಟಲ್ಲಿ ಹೊರಗಿನ ಪಕ್ಕ, ಅಂದರೆ ಎಂಜಿನ್ನಿಗೂ ಬೋಟಿನ ಗೋಡೆಗೂ ನಡುವೆ, ಕೈ ಹಾಕುವುದಕ್ಕೂ ಜಾಗ ಇರಲ್ಲ. ಕೆಡುವ ಸಾಮಾನೆಲ್ಲ ಇರುವುದು ಆ ಪಕ್ಕದಲ್ಲೇ! ನಿಮ್ಮ ಕೈಗೆ ಎಟುಕದ ಪಂಪಿಗೆ ಮೆಕ್ಯಾನಿಕ್ ಬೇಕು. ದ್ವೀಪದಲ್ಲಿ ಮೆಕ್ಯಾನಿಕ್ ಅಂದರೆ ವಾರಗಟ್ಟಲೆ ಕಾಯಬೇಕು. ಕೈಗೆ ಎಟುಕಿದರೆ ಅದೇ ಕೆಲಸ ನೀವೇ ಕೂತು ಅರ್ಧ ಗಂಟೆಯಲ್ಲಿ ಮುಗಿಸುತ್ತೀರಿ. ಬಜೆಟ್ ಉಳಿಯುವುದೂ ಮುಳುಗುವುದೂ ಇದರಲ್ಲೇ, ಡೀಸೆಲ್ಲಲ್ಲಿ ಅಲ್ಲ.

ಎರಡು ಎಂಜಿನ್ ಇದ್ದರೆ ಧೈರ್ಯ ಅನ್ನುವ ಮಾತಿಗೆ ನನ್ನದೇ ಕತೆ ಹೇಳುತ್ತೇನೆ. ಒಬ್ಬರ ಬೋಟನ್ನು ಒಂದು ದ್ವೀಪದಿಂದ ಇನ್ನೊಂದಕ್ಕೆ ಮುಟ್ಟಿಸುವುದಕ್ಕೆ ಹೊರಟಿದ್ದೆ. ಎರಡು ಎಂಜಿನ್, ಎರಡೂ ನಾನೇ ಸರ್ವೀಸ್ ಮಾಡಿದ್ದು. ದಡ ಬಿಟ್ಟು ಮೂರು ಗಂಟೆಗೆ ತೆರೆ ಏಳುವುದಕ್ಕೆ ಶುರುವಾಯಿತು. ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಕೂತಿದ್ದ ಕೊಳೆ ಎಲ್ಲ ಕದಡಿ ಮೇಲೆದ್ದಿತು. ಮೊದಲು ಎಡಗಡೆ ಎಂಜಿನ್ ಕೆಮ್ಮಿತು, ನಿಂತಿತು. ಹತ್ತು ನಿಮಿಷಕ್ಕೆ ಬಲಗಡೆಯದೂ ನಿಂತಿತು. ಎರಡೂ ಕುಡಿಯುತ್ತಿದ್ದದ್ದು ಒಂದೇ ಟ್ಯಾಂಕಿನಿಂದ ಅಲ್ವಾ! ಫಿಲ್ಟರಿನ ಕೆಳಗಿನ ಗಾಜಿನ ಬಟ್ಟಲಲ್ಲಿ ಕರೀ ಲೋಳೆ, ಮೂಗಿನ ಸಿಂಬಳದ ಹಾಗೆ, ಬೆರಳಲ್ಲಿ ಎತ್ತಿದರೆ ದಾರದ ಹಾಗೆ ಬರುತ್ತೆ. ಟ್ಯಾಂಕಲ್ಲಿ ನೀರು ಸೇರಿದರೆ ಅದು ಡೀಸೆಲ್ಲಿನ ಕೆಳಗೆ ಕೂರುತ್ತೆ. ಆ ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತವೆ. ಬಿಸಿಲಿನ ಸೀಮೆಯಲ್ಲಿ ಅದಕ್ಕೆ ಹಬ್ಬ. ಬೋಟು ಅಡ್ಡ ತಿರುಗಿ ಹೊರಳುತ್ತಿತ್ತು, ನಾನು ಕೆಳಗೆ ತಲೆ ಬಗ್ಗಿಸಿ ಡೀಸೆಲ್ ವಾಸನೆಯಲ್ಲಿ ಫಿಲ್ಟರ್ ಬದಲಿಸುತ್ತಾ ವಾಂತಿ ಮಾಡುತ್ತಾ ಇದ್ದೆ. ಇಪ್ಪತ್ತೆರಡು ವರ್ಷದ ಅನುಭವಿ, ಹ್ಞಾಂ.

ಎಂಜಿನ್ ನಿಲ್ಲುವುದು ತೆರೆ ಜೋರಾದಾಗಲೇ, ಯಾಕೆ ಅಂತ ಈಗ ಗೊತ್ತಾಯಿತಲ್ಲ. ಹಾಗಾಗಿ ಎಷ್ಟು ಎಂಜಿನ್ ಅಂತ ಎಣಿಸುವ ಮೊದಲು ಟ್ಯಾಂಕಿನ ಒಳಗೆ ನೋಡಿ. ಟ್ಯಾಂಕ್ ಶುದ್ಧ ಮಾಡುವುದಕ್ಕೆ ಬಾಯಿ ಇದೆಯಾ? ಒಂದರ ಪಕ್ಕ ಒಂದು ಎರಡು ಫಿಲ್ಟರ್ ಇದೆಯಾ, ಒಂದು ಕಟ್ಟಿದರೆ ಹಿಡಿ ತಿರುಗಿಸಿ ಇನ್ನೊಂದಕ್ಕೆ ಹೋಗುವ ಹಾಗೆ? ಬಂಕಲ್ಲಿ ತುಂಬಿಸುವಾಗ ನೀರು ಸೋಸುವ ಫನೆಲ್ ಇಟ್ಟುಕೊಳ್ಳಿ. ಹಿಂದೆ ನಿಂತವರು ಬೈದರೆ ಬೈಯಲಿ.

ಇನ್ನೊಂದು, ಬಹಾಮಾಸಲ್ಲಿ ಮೈಲುಗಟ್ಟಲೆ ನೀರು ಎರಡು ಮೂರು ಮೀಟರ್ ಆಳವೇ. ಒಂದೇ ಎಂಜಿನ್ನಿನ ಟ್ರಾಲರಲ್ಲಿ ಪ್ರೊಪೆಲ್ಲರ್ ಬೋಟಿನ ತಳದ ನಡುವೆ ಉದ್ದಕ್ಕೂ ಇಳಿದಿರುವ ದಿಂಡಿನ (ಕೀಲ್) ಹಿಂದೆ ಅಡಗಿರುತ್ತೆ, ತಳ ತಾಗಿದರೆ ಮೊದಲು ಮರಳಿಗೆ ಸಿಕ್ಕುವುದು ಆ ದಿಂಡಿನ ಮರವೋ ಫೈಬರೋ. ಎರಡು ಎಂಜಿನ್ನಿನದರಲ್ಲಿ ಎರಡು ಪ್ರೊಪೆಲ್ಲರೂ ಬರೀ ಮೈಯಲ್ಲಿ ಎರಡು ಪಕ್ಕ ನೇತಾಡುತ್ತಿರುತ್ತವೆ. ಒಂದು ಹವಳದ ದಿಬ್ಬ ಸಾಕು.

ದಡದವ:

ಅಬ್ಬಾ. ಮೊದಲ ಬೋಟಿನ ಎಂಜಿನ್ ಕೋಣೆಗೆ ನಾನು ಇಳಿದೇ ಇಲ್ಲ, ಮುಚ್ಚಳ ತೆಗೆದು ಮೇಲಿಂದ ಟಾರ್ಚ್ ಬಿಟ್ಟು ನೋಡಿದೆ, ಬಿಳೀ ಬಣ್ಣ ಬಳಿದು ಚೆನ್ನಾಗಿ ಇಟ್ಟಿದ್ದಾರೆ ಅಂದುಕೊಂಡು ಬಂದೆ. ನಾಚಿಕೆ ಆಗುತ್ತಿದೆ.

ಈಗ ಹೆಂಡತಿಯ ಪ್ರಶ್ನೆ, ಅವಳೇ ಪಕ್ಕದಲ್ಲಿ ಕೂತು ಬರೆಸುತ್ತಿದ್ದಾಳೆ. ಟ್ರಾಲರಲ್ಲಿ ಎಸಿ ಇಲ್ಲ. ಆ ಸೆಕೆಯಲ್ಲಿ ರಾತ್ರಿ ನಿದ್ದೆ ಹೇಗೆ ಮಾಡುವುದು? ಮತ್ತೆ ಹಾಯಿ ಇಲ್ಲದ ಬೋಟು ಲಂಗರಲ್ಲೂ ತೊಟ್ಟಿಲ ಹಾಗೆ ತೂಗುತ್ತಾ ಇರುತ್ತೆ ಅಂತ ಯಾರೋ ಹೆದರಿಸಿದ್ದಾರೆ, ಅದು ನಿಜವಾ?

ಅಲೆಮನೆ:

ಅಕ್ಕಾ, ಕೇಳಿದ್ದು ಒಳ್ಳೇದಾಯಿತು. ಈ ಗಂಡಸರು ಲೀಟರ್ ಲೆಕ್ಕದಲ್ಲೇ ಇರುತ್ತಾರೆ, ನಿದ್ದೆ ವಿಷಯ ಯಾರೂ ಎತ್ತಲ್ಲ. ನಿದ್ದೆ ಇಲ್ಲದೆ ಬೋಟು ಮಾರಿದವರನ್ನು ನಾನು ಜಾಸ್ತಿ ನೋಡಿದ್ದೇನೆ, ಡೀಸೆಲ್ಲಿಗೆ ದುಡ್ಡಿಲ್ಲದೆ ಮಾರಿದವರು ಕಡಿಮೆ.

ಎಸಿ ಲೆಕ್ಕ ಲೀಟರಲ್ಲೇ ಹೇಳುತ್ತೇನೆ, ಯಜಮಾನರಿಗೂ ಸಮಾಧಾನ ಆಗಲಿ. ಎಸಿ ಓಡಬೇಕು ಅಂದರೆ ಲಂಗರಲ್ಲಿ ಜನರೇಟರ್ ಓಡಬೇಕು. ಸಾಧಾರಣ ಬೋಟ್ ಜನರೇಟರ್ ಅರ್ಧ ಹೊರೆಯಲ್ಲಿ ಗಂಟೆಗೆ ಸುಮಾರು 2 ಲೀಟರ್ ತಿನ್ನುತ್ತೆ. ರಾತ್ರಿಗೆ ಎಂಟು ಗಂಟೆ ಅಂದರೆ 16 ಲೀಟರ್. ವರ್ಷದಲ್ಲಿ 250 ರಾತ್ರಿ ಅಂದರೆ 4000 ಲೀಟರ್. ನಿಧಾನಿಯವರು ದ್ವೀಪ ಎಲ್ಲ ಸುತ್ತಿದ್ದು 1250 ಲೀಟರಲ್ಲಿ ಅಲ್ವಾ? ನಿಂತಲ್ಲೇ ನಿಂತು ಮಲಗಿದ್ದಕ್ಕೆ ಅದರ ಮೂರು ಪಟ್ಟು! ಮೊದಲ ಬೋಟಿನ ಆ ಹೋಟೆಲ್ ರೂಮಿನ ಬಾಡಿಗೆ ಇದು. ಅದರ ಕಿಟಕಿಗಳನ್ನು ನೋಡಿ ಬಂದಿದ್ದೀರಾ, ತೆಗೆಯುವುದಕ್ಕೆ ಬರುತ್ತಾ? ಎಸಿ ನಂಬಿ ಕಟ್ಟಿದ ಎಷ್ಟೋ ಬೋಟುಗಳಲ್ಲಿ ಗಾಜು ಅಂಟಿಸಿಯೇ ಬಿಟ್ಟಿರುತ್ತಾರೆ.

ಸೆಕೆ ಇರುವುದು ನಿಜ. ಆದರೆ ಜೆಟ್ಟಿಯಲ್ಲಿ ಕಟ್ಟಿದ ಬೋಟಿಗೂ ಲಂಗರು ಹಾಕಿದ ಬೋಟಿಗೂ ಅಜಗಜಾಂತರ. ಜೆಟ್ಟಿಯಲ್ಲಿ ಬೋಟು ಕಟ್ಟಿದ ಕಡೆಗೇ ಮುಖ ಮಾಡಿ ನಿಂತಿರುತ್ತೆ, ಗಾಳಿ ಎಲ್ಲಿಂದಲೋ ಬೀಸಿ ಹೋಗುತ್ತೆ. ಲಂಗರಲ್ಲಿ ಬೋಟು ತಾನಾಗಿಯೇ ಗಾಳಿಗೆ ಮುಖ ತಿರುಗಿಸುತ್ತೆ. ಮುಂದಿನ ಮಂಚದ ಮೇಲಿನ ಹ್ಯಾಚ್ (ಡೆಕ್ಕಿನ ಕಿಂಡಿಯ ಮುಚ್ಚಳ) ತೆಗೆದು ಅದಕ್ಕೆ ಬಟ್ಟೆಯ ಚಿಮಣಿ ಕಟ್ಟಿದರೆ ಗಾಳಿ ನೇರ ಎದೆ ಮೇಲೆ ಇಳಿಯುತ್ತೆ. ಚಳಿಗಾಲದ ತಿಂಗಳುಗಳಲ್ಲಿ ಅಲ್ಲಿ ಪೂರ್ವದ ಗಾಳಿ 15-20 ನಾಟ್ ಒಂದೇ ಸಮ ಬೀಸುತ್ತೆ, ನಾನು ಎಷ್ಟೋ ರಾತ್ರಿ ಹೊದಿಕೆ ಎಳೆದುಕೊಂಡಿದ್ದೇನೆ. 12 ವೋಲ್ಟಿನ ಸಣ್ಣ ಫ್ಯಾನ್ ತಲೆ ಹತ್ತಿರ ಒಂದು, ಕಾಲ ಹತ್ತಿರ ಒಂದು. ರಾತ್ರಿಯೆಲ್ಲ ತಿರುಗಿದರೂ ಬ್ಯಾಟರಿಯಿಂದ ಒಂದೊಂದು ಐದಾರು ಆಂಪಿಯರ್-ಗಂಟೆ ಮಾತ್ರ ತಿನ್ನಬಹುದು. ಬೋಟಿನ ಮೇಲೆ ಬಟ್ಟೆಯ ಚಪ್ಪರ ಕಡ್ಡಾಯ. ಡೆಕ್ಕಿಗೆ ಬಿಸಿಲು ಬಿದ್ದರೆ ಆ ಕಾವು ರಾತ್ರಿ ಹತ್ತರವರೆಗೂ ಇಳಿಯಲ್ಲ.

ಮೋಟಾರ್ ಬೋಟಿನ ದೊಡ್ಡ ಅನುಕೂಲ ಅದರ ಚಪ್ಪಟೆ ಚಾವಣಿ. ಹಾಯಿದೋಣಿಯವರ ಸೋಲಾರ್ ಪ್ಯಾನೆಲ್ ಮೇಲೆ ಕಂಬದ ನೆರಳು ಬೀಳುತ್ತೆ, ನಮಗೆ ಆ ಕಾಟ ಇಲ್ಲ. ನಮ್ಮ ಚಾವಣಿ ಮೇಲೆ 800 ವ್ಯಾಟ್ ಸೋಲಾರ್ ಇದೆ, ಒಳ್ಳೇ ಬಿಸಿಲಿದ್ದರೆ ದಿನಕ್ಕೆ 3 ಯೂನಿಟ್ ಸಿಗುತ್ತೆ. ಫ್ರಿಜ್, ಫ್ಯಾನು, ದೀಪ, ಫೋನು, ಲ್ಯಾಪ್‌ಟಾಪು ಎಲ್ಲ ಅದರಲ್ಲೇ. ಸಮುದ್ರದ ನೀರನ್ನು ಸಿಹಿ ಮಾಡುವ ಸಣ್ಣ ಮಿಷನ್ ಕೂಡ ಅದರಲ್ಲೇ ಓಡುತ್ತೆ, ಗಂಟೆಗೆ 25 ಲೀಟರ್ ಕೊಡುತ್ತೆ. ನಮ್ಮಿಬ್ಬರಿಗೆ ದಿನಕ್ಕೆ ಅಷ್ಟೇ ಬೇಕು. ಪಾತ್ರೆಗೆ ಮೊದಲು ಉಪ್ಪುನೀರು, ಕೊನೆಗೊಮ್ಮೆ ಸಿಹಿನೀರು. ಸ್ನಾನಕ್ಕೆ ಸಮುದ್ರಕ್ಕೆ ಹಾರಿ ಬಂದು ಎರಡು ಚೊಂಬು. ಆ ಮಿಷನ್ ತಗೊಂಡರೆ ಒಂದು ನೆನಪಿಡಿ, ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ನೇರ ತೊಳೆಯಬೇಡಿ, ಒಳಗಿನ ಪೊರೆ ಹಾಳಾಗುತ್ತೆ. ನಾನು ತೊಳೆದೆ. ಹಾಳಾಯಿತು.

ಇನ್ನು ತೂಗುವುದು. ನಿಜ ಅಕ್ಕಾ, ಸುಳ್ಳು ಹೇಳಲ್ಲ. ಗಾಳಿ ಒಂದು ಕಡೆಯಿಂದ ಬರುತ್ತಿರುತ್ತೆ, ಬೋಟು ಅದಕ್ಕೆ ಮುಖ ಮಾಡಿರುತ್ತೆ. ದೂರದ ಸಮುದ್ರದ ಅಲೆ ಮಾತ್ರ ದ್ವೀಪದ ಕೊನೆಯನ್ನು ಬಳಸಿಕೊಂಡು ಪಕ್ಕದಿಂದ ಬಂದು ಹೊಡೆಯುತ್ತೆ. ಸಂಜೆ ಚಂದ ಇದ್ದ ಜಾಗದಲ್ಲಿ ರಾತ್ರಿ ಎರಡಕ್ಕೆ ಲೋಟ ಉರುಳುವುದಕ್ಕೆ ಶುರು. ಮೊದಲ ವರ್ಷ ನಾನು ಹಲ್ಲು ಕಚ್ಚಿ ಮಲಗಿದ್ದೆ. ಆಮೇಲೆ ಕಲಿತಿದ್ದು, ಬೋಟಿನ ಹಿಂಭಾಗದಿಂದ ಒಂದು ಉದ್ದ ಹಗ್ಗ ತಂದು ಲಂಗರಿನ ಸರಪಳಿಗೆ ಕಟ್ಟಿ, ಸರಪಳಿಯನ್ನು ಇನ್ನೊಂದಿಷ್ಟು ಬಿಟ್ಟರೆ ಬೋಟು ಓರೆ ತಿರುಗಿ ಅಲೆಗೆ ಮುಖ ಮಾಡುತ್ತೆ. ಐದು ನಿಮಿಷದ ಕೆಲಸ, ತೂಗುವುದು ಅರ್ಧಕ್ಕರ್ಧ ಕಡಿಮೆ. ಅದೂ ಸಾಲದಿದ್ದರೆ ಪಕ್ಕಕ್ಕೆ ಒಂದು ಕಂಬ ಚಾಚಿ ಅದರ ತುದಿಗೆ ಮಡಚುವ ಹಲಗೆ ನೇತುಹಾಕುತ್ತೇವೆ. ಬೋಟು ಆ ಕಡೆ ವಾಲಿದಾಗ ಅದು ಮಡಚಿಕೊಂಡು ಸುಲಭವಾಗಿ ಮುಳುಗುತ್ತೆ, ಮೇಲೇಳುವಾಗ ಬಿಚ್ಚಿಕೊಂಡು ನೀರನ್ನು ಹಿಡಿದು ಎಳೆಯುತ್ತೆ. ನೋಡುವುದಕ್ಕೆ ವಿಚಿತ್ರ, ಮಲಗುವುದಕ್ಕೆ ಸುಖ.

ಮೊಣಕಾಲಿನ ವಿಷಯ: ಡಿಂಗಿಯಿಂದ, ಅಂದರೆ ದಡಕ್ಕೆ ಹೋಗಿ ಬರುವ ಪುಟ್ಟ ದೋಣಿಯಿಂದ, ಬೋಟಿಗೆ ಹತ್ತುವ ಜಾಗ ಹೇಗಿದೆ ನೋಡಿ ಬನ್ನಿ. ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುವುದು ಅಲ್ಲೇ. ಬೇರೆಲ್ಲ ಆಮೇಲೆ.

ಮಾರಿಬಿಟ್ಟೆ:

ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ. ಎರಡೂವರೆ ವರ್ಷ ಇದ್ದು ಮಾರಿ ಬಂದವನು ನಾನು.

ಎಲ್ಲರೂ ಓಡುವ ಖರ್ಚು ಹೇಳಿದರು. ನಿಲ್ಲುವ ಖರ್ಚು? ಅಟ್ಲಾಂಟಿಕ್ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಅಂದರೆ ವರ್ಷದಲ್ಲಿ ಅರ್ಧ! ಆ ಆರು ತಿಂಗಳು ಬೋಟು ಎಲ್ಲಿರುತ್ತೆ ಅಂತ ಮೊದಲು ಬರೆದುಕೊಳ್ಳಿ. ಹಳೇ ಬೋಟಿಗೆ ಇನ್ಶೂರೆನ್ಸ್ ಸಿಗುವುದೇ ಕಷ್ಟ, ಸಿಕ್ಕಿದರೂ ಇಂಥ ತಾರೀಖಿನ ಒಳಗೆ ಇಂಥ ಅಕ್ಷಾಂಶ ದಾಟಿರಬೇಕು ಅಂತ ಬರೆದಿರುತ್ತಾರೆ. ದಕ್ಷಿಣಕ್ಕೆ ಹೋದರೆ ಸೇಫ್ ಅಂತ ಎಲ್ಲರೂ ಗ್ರೆನಡಾ ಕಡೆ ಓಡುತ್ತಿದ್ದರು. 2004ರಲ್ಲಿ ಐವಾನ್ ಚಂಡಮಾರುತ ಗ್ರೆನಡಾವನ್ನೇ ಹೊಡೆಯಿತು. 2024ರ ಜುಲೈ 1ಕ್ಕೆ ಬೆರಿಲ್ ಪಕ್ಕದ ಕಾರಿಯಾಕೂ ದ್ವೀಪಕ್ಕೆ ಬಂತು, ಅದೂ ಕಾಲ ಶುರುವಾಗಿ ಒಂದೇ ತಿಂಗಳಿಗೆ. ಕಾಂಡ್ಲಾ ಗಿಡಗಳ ನಡುವೆ ಹಗ್ಗ ಕಟ್ಟಿ ಅಡಗಿಸಿದ್ದ ಬೋಟುಗಳೂ ಉಳಿಯಲಿಲ್ಲ.

ಇನ್ನೂ ಪಶ್ಚಿಮಕ್ಕೆ ಬೊನೇರ್, ಕುರಸಾವೊ ದ್ವೀಪಗಳ ಕಡೆ ಹೋದರೆ ಚಂಡಮಾರುತ ಅಪರೂಪ, ಒಪ್ಪುತ್ತೇನೆ. ಹೋಗುವಾಗ ಗಾಳಿ ಬೆನ್ನಿಗೆ, ಮಜಾ. ವಾಪಸ್ ಬರುವಾಗ ಗ್ರೆನಡಾಕ್ಕೆ 400 ಮೈಲಿಗೂ ಜಾಸ್ತಿ, ಎದುರು ಗಾಳಿ, ಎದುರು ಪ್ರವಾಹ. ನಿಧಾನಿಯವರ 6 ನಾಟ್ ಅಲ್ಲಿ 4 ಆಗುತ್ತೆ. ಲೀಟರ್ ಲೆಕ್ಕ ಅಲ್ಲಿ ಮಾಡಿ ನೋಡಿ ಸರ್. ನಾನು ಮಾಡಿದೆ, ಅದಕ್ಕೇ ಅಲ್ಲೇ ಮಾರಿಬಿಟ್ಟೆ.

ವರ್ಷಕ್ಕೊಮ್ಮೆ ದಡಕ್ಕೆ ಎತ್ತಿಸಿ ತಳಕ್ಕೆ ಬಣ್ಣ ಹೊಡೆಸಬೇಕು. ಬಿಸಿ ನೀರಲ್ಲಿ ಪಾಚಿ, ಚಿಪ್ಪು ಹತ್ತುವ ವೇಗ ನೋಡಿದರೆ ಗಾಬರಿ ಆಗುತ್ತೆ. ಪ್ರೊಪೆಲ್ಲರ್ ಮೇಲೆ ತೆಳ್ಳಗೆ ಚಿಪ್ಪು ಕೂತರೂ ಒಂದು ನಾಟ್ ಕಡಿಮೆ. ಬೋಟಿನ ಬೆಲೆಯ ಹತ್ತನೇ ಒಂದು ಭಾಗ ವರ್ಷಾ ವರ್ಷಾ ಎತ್ತಿಡಿ ಅನ್ನುವ ರೂಢಿ ಇದೆಯಲ್ಲ, ಅಗ್ಗದ ಹಳೇ ಬೋಟಿಗೆ ಅದು ಸಾಲಲ್ಲ. ಬೆಲೆ ಇಳಿದ ಹಾಗೆ ಬಿಡಿಭಾಗದ ರೇಟು ಇಳಿಯಲ್ಲ ಅಲ್ವಾ.

ನಿಧಾನಿ:

ಮಾರಿಬಿಟ್ಟೆಯವರ ಮಾತಲ್ಲಿ ತಪ್ಪಿಲ್ಲ. ನಾನು ಕುರಸಾವೊ ಕಡೆ ಹೋಗಲೇ ಇಲ್ಲ, ಕಾರಣ ಅದೇ. ಮೋಟಾರ್ ಬೋಟಿಗೆ ಹೇಳಿ ಮಾಡಿಸಿದ ಜಾಗ ಬಹಾಮಾಸ್. ದಾರಿ ಚಿಕ್ಕದು, ನೀರಿನ ಆಳ ಕಡಿಮೆ, ದ್ವೀಪಗಳೇ ಗಾಳಿಗೆ ಅಡ್ಡ ನಿಲ್ಲುತ್ತವೆ. ಪೂರ್ವ ಕೆರಿಬಿಯನ್ನಲ್ಲಿ ಒಂದು ದ್ವೀಪಕ್ಕೂ ಇನ್ನೊಂದಕ್ಕೂ ನಡುವಿನ ತೆರೆದ ಸಮುದ್ರದಲ್ಲಿ ಅಟ್ಲಾಂಟಿಕ್ಕಿನ ಅಲೆ ನೇರ ಪಕ್ಕೆಗೆ ಬಡಿಯುತ್ತೆ. ಹಾಯಿ ಇದ್ದವರಿಗೆ ಅದು ಸವಾರಿ, ನಮಗೆ ಒಗೆಯುವ ಮಿಷನ್. ಮೊದಲ ಎರಡು ವರ್ಷ ಬಹಾಮಾಸ್ ಸಾಕು. ಚಂಡಮಾರುತದ ಕಾಲಕ್ಕೆ ಬೋಟನ್ನು ದಡಕ್ಕೆ ಎತ್ತಿಸಿ ಕಟ್ಟಿ ಊರಿಗೆ ಬನ್ನಿ. ಆ ಖರ್ಚು ಮೊದಲೇ ಎತ್ತಿಡಬೇಕು, ಅದನ್ನು ನಾನು ಹೇಳದೆ ಬಿಟ್ಟಿದ್ದು ತಪ್ಪೇ.

ಆದರೆ ಅಲ್ಲೂ ಎರಡು ಕಡೆ ಹುಷಾರಾಗಿರಿ. ಫ್ಲೋರಿಡಾದಿಂದ ಬಹಾಮಾಸಿನ ಬಿಮಿನಿ ದ್ವೀಪಕ್ಕೆ 50 ಮೈಲು ಹತ್ತಿರ, ನಡುವೆ ಗಲ್ಫ್ ಸ್ಟ್ರೀಮ್ ಅನ್ನುವ ಸಮುದ್ರ ಪ್ರವಾಹ ಉತ್ತರಕ್ಕೆ ಹರಿಯುತ್ತೆ. ಗಾಳಿ ಉತ್ತರದಿಂದ ಬೀಸಿದರೆ ಪ್ರವಾಹಕ್ಕೂ ಗಾಳಿಗೂ ಜಟಾಪಟಿ, ಅಲೆ ಗೋಡೆ ಕಟ್ಟಿದ ಹಾಗೆ ನೆಟ್ಟಗೆ ನಿಲ್ಲುತ್ತವೆ. ಗಾಳಿ ತಿರುಗುವವರೆಗೆ ಒಂದು ವಾರ ಆದರೂ ಕಾಯಿರಿ. ಎರಡನೆಯದು, ಚಳಿಗಾಲದಲ್ಲಿ ಉತ್ತರದಿಂದ ತಣ್ಣನೆ ಗಾಳಿಯ ಸಾಲು ಇಳಿದು ಬಂದಾಗ ಗಾಳಿ ಒಂದೇ ದಿನದಲ್ಲಿ ದಕ್ಷಿಣ, ಪಶ್ಚಿಮ, ಉತ್ತರ ಅಂತ ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತೆ. ಎಕ್ಸೂಮಾದಲ್ಲಿ ನಾವೆಲ್ಲ ನಿಲ್ಲುವುದು ದ್ವೀಪಗಳ ಪಶ್ಚಿಮಕ್ಕೆ, ಆ ಒಂದು ರಾತ್ರಿ ಅಲ್ಲಿ ಅಡ್ಡ ಏನೂ ಇರಲ್ಲ.

ನನಗೆ ಹಾಗೆ ಆಗಿದೆ. ಸಂಜೆ 4 ಮೀಟರ್ ನೀರಲ್ಲಿ ಲಂಗರು ಹಾಕಿದೆ. ಆಳಕ್ಕೆ ಬೋಟಿನ ಮೂತಿಯ ಎತ್ತರ ಒಂದೂವರೆ ಮೀಟರನ್ನೂ ಸೇರಿಸಿ, ಅದರ ಐದು ಪಟ್ಟು ಸರಪಳಿ ಬಿಡಬೇಕು, 27-28 ಮೀಟರ್. ಗಾಳಿ ಬರುವ ಸೂಚನೆ ಇದ್ದರೆ ಏಳು ಪಟ್ಟು. ನಾನು ಮೂತಿ ಲೆಕ್ಕ ಮರೆತು 20 ಬಿಟ್ಟಿದ್ದೆ, ಅದೂ ಲಂಗರು ಸರಿಯಾಗಿ ಕಚ್ಚದ ಸಮುದ್ರತಳದ ಹುಲ್ಲಿನ ಮೇಲೆ. ರಾತ್ರಿ ಮೂರಕ್ಕೆ ಸರಪಳಿ ಸದ್ದು ಬದಲಾಯಿತು. ಮರಳಲ್ಲಿ ಕಚ್ಚಿದ ಲಂಗರು ಸುಮ್ಮನಿರುತ್ತೆ, ಎಳೆದುಕೊಂಡು ಹೋಗುವ ಲಂಗರು ಗರಗರ ಅನ್ನುತ್ತೆ, ಹಾಸಿಗೆಯ ಕೆಳಗಿಂದ ಯಾರೋ ಬಂಡೆ ಉಜ್ಜಿದ ಹಾಗೆ. ಎದ್ದು ನೋಡಿದರೆ ದಡ ನಲವತ್ತು ಮೀಟರ್ ದೂರದಲ್ಲಿದೆ. ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು, ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ. ಅವತ್ತಿನಿಂದ ಲಂಗರು ಹಾಕಿದ ಮೇಲೆ ಎಂಜಿನ್ ರಿವರ್ಸಲ್ಲಿ ಎಳೆದು ನೋಡದೆ, ನೀರಿಗಿಳಿದು ಈಜುವ ಕನ್ನಡಕ ಹಾಕಿ ಲಂಗರು ಮರಳಲ್ಲಿ ಹೂತಿದೆಯಾ ಅಂತ ನೋಡದೆ ನಾನು ಕಾಫಿ ಇಡಲ್ಲ.

ಹವಳದ ನಡುವೆ ಹೋಗುವುದಿದ್ದರೆ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡು ಮೂರರ ಒಳಗೆ ಮಾತ್ರ, ಬಿಸಿಲು ನೆತ್ತಿ ಮೇಲೆ ಇಲ್ಲವೇ ಬೆನ್ನಿಗೆ ಇರಬೇಕು. ಕಡುನೀಲಿ ಅಂದರೆ ಆಳ, ತಿಳಿ ಹಸಿರುನೀಲಿ ಅಂದರೆ ಮರಳು, ಕಂದು ಅಂದರೆ ಹೋಗಬೇಡಿ. ಮೋಡದ ನೆರಳೂ ಹವಳದ ಹಾಗೇ ಕಾಣುತ್ತೆ, ಅದು ಜರುಗುತ್ತಾ ಅಂತ ಒಂದು ನಿಮಿಷ ನಿಂತು ನೋಡಿ.

ದಡದವ:

ಮೂರು ದಿನ ಇದನ್ನೇ ಓದಿದೆವು, ಎರಡು ಸಲ. ಮಾರಿಬಿಟ್ಟೆಯವರ ಮಾತಿಗೆ ಹೆಂಡತಿ ಸ್ವಲ್ಪ ಹೆದರಿದಳು, ಆಮೇಲೆ ಆರು ತಿಂಗಳು ಊರಲ್ಲಿ ಅಂದಿದ್ದಕ್ಕೆ ಖುಷಿಯಾದಳು. ಮೊದಲ ಬೋಟಿನವರಿಗೆ ಬೇಡ ಅಂತ ಫೋನ್ ಮಾಡಿ ಹೇಳಿದೆ, ಅಲ್ಲೇ ರೇಟು ಇನ್ನೂ ಇಳಿಸಿದರು. ಅದು ಕೇಳಿಯೇ ಉಪ್ಪುಗೈ ಅವರ ಮಾತು ನಿಜ ಅನ್ನಿಸಿತು.

ಶನಿವಾರ ಟ್ರಾಲರನ್ನು ಸಮುದ್ರಕ್ಕೆ ಇಳಿಸಿ ಓಡಿಸಿ ತೋರಿಸುತ್ತಾರಂತೆ. ಡಿಂಗಿಯಿಂದ ಹತ್ತುವ ಜಾಗ ಅವಳೇ ನಾಲ್ಕು ಸಲ ಹತ್ತಿ ಇಳಿದು ನೋಡುತ್ತಾಳೆ. ನಾನು ಈ ಸಲ ಹಳೇ ಬಟ್ಟೆ ಹಾಕಿಕೊಂಡು ಹೋಗಿ ಎಂಜಿನ್ ಕೋಣೆಗೆ ಇಳಿಯುತ್ತೇನೆ. ಟ್ಯಾಂಕ್, ಎರಡು ಫಿಲ್ಟರ್, ಹಿಡಿ, ಎಲ್ಲ ಬರೆದುಕೊಂಡಿದ್ದೇನೆ. ಇನ್ನೇನಾದರೂ ಇದೆಯಾ?

ಉಪ್ಪುಗೈ:

ಇದೆ. ಎಂಜಿನ್ನಿಗೆ ಸಮುದ್ರದ ನೀರು ಎಳೆಯುವ ಪಂಪಿನ ಒಳಗೆ ಇಂಪೆಲ್ಲರ್ ಅಂತ ರಬ್ಬರ್ ಚಕ್ರ ಇರುತ್ತೆ. ಅದರ ಮುಚ್ಚಳ ಬಿಚ್ಚಿಸಿ ಎಲೆಗಳನ್ನು ಎಣಿಸಿ. ಒಂದು ಎಲೆ ಕಡಿಮೆ ಇದ್ದರೆ ಅದು ಎಲ್ಲಿ ಹೋಯಿತು ಅಂತ ಕೇಳಿ. ಎಲ್ಲೂ ಹೋಗಿರಲ್ಲ, ಮುಂದಿನ ಕೂಲರಿನ ಬಾಯಲ್ಲಿ ಸಿಕ್ಕಿಕೊಂಡು ಅರ್ಧ ದಾರಿ ಕಟ್ಟಿರುತ್ತೆ.

ಆಮೇಲೆ, ಎಂಜಿನ್ ಮೊದಲೇ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಶುಕ್ರವಾರವೇ ಫೋನ್ ಮಾಡಿ ಹೇಳಿ. ಹೋದ ಕೂಡಲೇ ನಮಸ್ಕಾರಕ್ಕಿಂತ ಮೊದಲು ಕೆಳಗಿಳಿದು ಎಂಜಿನ್ ಮೇಲೆ ಅಂಗೈ ಇಡಿ. ತಣ್ಣಗಿರಬೇಕು. ಬೆಚ್ಚಗಿದ್ದರೆ, ತಣ್ಣಗಿದ್ದಾಗ ಎಂಜಿನ್ ಹತ್ತಿಕೊಳ್ಳುವುದಿಲ್ಲ ಅಂತ ಅವರಿಗೆ ಗೊತ್ತಿದೆ ಅಂದುಕೊಳ್ಳಿ. ಭಾನುವಾರ ಬೆಳಗ್ಗೆ ಮತ್ತೆ ಬರ್ತೀವಿ, ಅಲ್ಲಿಯವರೆಗೆ ಮುಟ್ಟಬೇಡಿ ಅಂತ ಹೇಳಿ ಹೊರಡಿ.